ಒಂದು ಚೂರೂ ಸದ್ದಿಲ್ಲದ ಮೆಷಿನ್

ಮಾರ್ಚ್ 3

ಚಿಕ್ಕಮ್ಮ,

ನಾವಿಬ್ಬರೂ ಚೆನ್ನಾಗಿದ್ದೇವೆ, ಮನೆ ಮಾತ್ರ ಚೆನ್ನಾಗಿಲ್ಲ. ಸೋಮವಾರ ನಿನಗೆ ಫೋನ್ ಮಾಡಿದ್ದೆ. ‘ಲೈನ್ ಸರಿಯಿಲ್ಲ, ಏನಿದ್ರೂ ಬರೆದು ಕಳಿಸು’ ಅಂತ ನೀನು ಇಟ್ಟುಬಿಟ್ಟೆ. ಈ ಕಾಲದಲ್ಲೂ ಕಾಗದ ಬರೆಸಿಕೊಳ್ಳುವವಳು ನೀನೊಬ್ಬಳೇ. ನಮ್ಮ ಬೀದಿಯ ಅಂಚೆಯವನು ಈಗ ನನ್ನನ್ನು ಕಂಡರೆ ಸೈಕಲ್ ನಿಲ್ಲಿಸಿ ಮಾತಾಡಿಸುತ್ತಾನೆ.

ಹೊಸ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಬೆಳಕು ಬೇಕಾದಷ್ಟಿದೆ. ಆದರೆ ನೆಲಕ್ಕೆಲ್ಲ ಕಾರ್ಪೆಟ್ ಅಂಟಿಸಿದ್ದಾರೆ, ಕೀಳುವ ಹಾಗಿಲ್ಲ. ನಮಗಿಂತ ಮೊದಲು ಇದ್ದವರು ನಾಯಿ ಸಾಕಿದ್ದರಂತೆ. ನಾಯಿ ಅವರ ಜೊತೆ ಹೋಯಿತು, ಅದರ ಕೂದಲು ನಮ್ಮ ಪಾಲಿಗೆ ಉಳಿಯಿತು. ಪೊರಕೆ ಹಿಡಿದು ಗುಡಿಸಿದರೆ ಧೂಳು ಎದ್ದು ಕೋಣೆಯೆಲ್ಲ ಒಂದು ಸುತ್ತು ಹಾಕಿ, ಮತ್ತೆ ತನ್ನ ಜಾಗಕ್ಕೇ ಬಂದು ಕೂರುತ್ತದೆ. ಇವರಿಗಂತೂ ಸೀನು ನಿಲ್ಲುತ್ತಿಲ್ಲ. ರಾತ್ರಿಯಿಡೀ ಪತ್ರಿಕೆಯ ಪ್ರೆಸ್ಸಿನಲ್ಲಿ ನಿಂತು ಬೆಳಿಗ್ಗೆ ಬಂದು ಮಲಗುವವರು. ಕಣ್ಣು ಹತ್ತುವಷ್ಟರಲ್ಲಿ ಸೀನಿ ಎದ್ದು ಕೂರುತ್ತಾರೆ. ‘ಈ ಮನೆಗಿಂತ ಪ್ರೆಸ್ಸೇ ವಾಸಿ ಕಣೆ’ ಅಂದರು ಮೊನ್ನೆ.

ಅದಕ್ಕೇ ಒಂದು ವ್ಯಾಕ್ಯೂಮ್ ಕ್ಲೀನರ್ ಕೊಳ್ಳಬೇಕು. ಅಂಗಡಿಗೆ ಹೋದರೆ ಅಲ್ಲಿಯ ಹುಡುಗಿ ವ್ಯಾಟ್ ಅಂದಳು, ಸೈಕ್ಲೋನ್ ಅಂದಳು, ನನಗೆ ತಲೆ ಗಿರ್ರೆಂದಿತು. ನೀನು ಲಾಡ್ಜಿನ ಮಹಡಿಗಳನ್ನು ನೋಡಿಕೊಳ್ಳುವವಳು, ಇಂಥ ಮೆಷಿನ್‌ಗಳ ಹುಟ್ಟು ಸಾವು ಎರಡನ್ನೂ ಕಂಡವಳು. ಬೆಲೆ ನಮ್ಮ ಕೈಗೆಟುಕಬೇಕು, ಬಹಳ ವರ್ಷ ಬಾಳಿಕೆ ಬರಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಸದ್ದು ಕಡಿಮೆ ಇರಬೇಕು. ನಾನು ಮಧ್ಯಾಹ್ನ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗುವವಳು, ನನಗೆ ಗುಡಿಸಲು ಸಿಗುವುದು ಬೆಳಿಗ್ಗೆ ಮಾತ್ರ. ಆಗ ಇವರು ಪಕ್ಕದ ಕೋಣೆಯಲ್ಲಿ ಮಲಗಿರುತ್ತಾರೆ. ಗೋಡೆಯೋ, ಆ ಕಡೆಯವರು ಆಕಳಿಸಿದರೂ ಈ ಕಡೆ ಗೊತ್ತಾಗುತ್ತದೆ.

ಅಮ್ಮ ಹೋದ ಮೇಲೆ ನಿನ್ನನ್ನು ಕೇಳದೆ ನಾನು ಒಂದು ತಪ್ಪಲೆಯನ್ನೂ ಕೊಂಡಿಲ್ಲ. ಬೇಗ ಬರೆ.

ನಿನ್ನ ಗುಬ್ಬಿ


ಮಾರ್ಚ್ 12

ಗುಬ್ಬಿ,

ಕಾಗದ ತಲುಪಿತು. ಫೋನಿನ ಸುದ್ದಿ ಎತ್ತಬೇಡ. ಈಗಿನವರಿಗೆ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ, ಅರ್ಧ ನುಂಗಿ ಅರ್ಧ ಉಗುಳುತ್ತಾರೆ. ನೀನೂ ಆ ಸಾಲಿಗೇ ಸೇರಿದ್ದೀಯ. ಬರೆದರೆ ಮಾತ್ರ ನೆಟ್ಟಗೆ ಬರೆಯುತ್ತೀಯ.

ಈಗ ಮೆಷಿನ್ ವಿಷಯ. ಅಂಗಡಿಯ ಹುಡುಗಿ ಹೇಳಿದ ವ್ಯಾಟನ್ನು ಅಲ್ಲೇ ಮರೆತುಬಿಡು. ಅದು ಎಷ್ಟು ಕರೆಂಟು ಕುಡಿಯುತ್ತದೆ ಎಂಬ ಲೆಕ್ಕ, ಎಷ್ಟು ಕಸ ಎಳೆಯುತ್ತದೆ ಎಂಬ ಲೆಕ್ಕವಲ್ಲ. ಪೈಪಿನ ಬಾಯಿಗೆ ಅಂಗೈ ಇಟ್ಟು ನೋಡು. ಅಂಗೈ ಕೀಳಲು ಕಷ್ಟವಾದರೆ ಅದು ಮೆಷಿನ್. ಮೋಟಾರಿನ ಮೈ ಮೇಲೂ ಕೈ ಇಡು. ಅದು ಸಮನಾಗಿ ಮಿಡಿಯಬೇಕು, ನಡುಗಬಾರದು.

ವೈರ್ ಇಲ್ಲದ್ದು ಬೇಡ. ನೋಡಲು ಚೆಂದ, ಹಗುರ, ಆದರೆ ಬ್ಯಾಟರಿ ಮೊದಲು ಮುದಿಯಾಗುತ್ತದೆ, ಹೊಸ ಬ್ಯಾಟರಿಯ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಕಾಗದದ ಚೀಲ ಹಾಕುವಂಥದ್ದೂ ಬೇಡ. ಚೀಲ ಕೊಳ್ಳುತ್ತಲೇ ಇರಬೇಕು, ಒಂದು ದಿನ ಅಂಗಡಿಯವನು ‘ಅದು ಬರ್ತಿಲ್ಲ’ ಅಂದರೆ ಮುಗಿಯಿತು ಕತೆ. ಡಬ್ಬಿ ಇರುವುದನ್ನು ತಗೋ. ಫಿಲ್ಟರು ತೊಳೆಯುವಂತಿರಬೇಕು, ತೊಳೆದ ಮೇಲೆ ಪೂರ್ತಿ ಒಣಗಿಸು. ನಮ್ಮಲ್ಲಿ ಸತ್ತ ಮೆಷಿನ್‌ಗಳಲ್ಲಿ ಮುಕ್ಕಾಲುಪಾಲು ಒದ್ದೆ ಫಿಲ್ಟರಿನಿಂದಲೇ ಸತ್ತದ್ದು. ಪೈಪು ಕುತ್ತಿಗೆಯ ಹತ್ತಿರ ಸೀಳುತ್ತದೆ, ಅದು ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳು. ಅಂಗಡಿಯವರು ಮೇಲೆ ಕೆಳಗೆ ನೋಡಿದರೆ ಮಾತಾಡದೆ ಹೊರಗೆ ಬಾ. ನಿನ್ನ ನಾಯಿಕೂದಲು ಬ್ರಷ್ಷಿಗೆ ಸುತ್ತಿಕೊಳ್ಳುತ್ತದೆ, ಹಾಗಾಗಿ ಬ್ರಷ್ ಕೈಯಲ್ಲೇ ಬಿಚ್ಚುವಂತಿರಲಿ, ಕತ್ತರಿಯಿಂದ ಕತ್ತರಿಸಿ ತೆಗೆಯಬಹುದು.

ಇಷ್ಟೆಲ್ಲ ಇರುವುದು ಒಂದೇ ಮೆಷಿನ್. ಕೆಂಪು ಬಣ್ಣ, ದಪ್ಪ ಹೊಟ್ಟೆ, ಹಿಂದೆ ಎರಡು ದೊಡ್ಡ ಚಕ್ರ. ಕಂಪನಿ ಮತ್ತು ನಂಬರನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ನಮ್ಮ ಕೆಳಮಹಡಿಯ ಊಟದ ಹಾಲಿಗೆ ಹೋದ ವರ್ಷ ಒಂದು ಬಂತು. ಮೆಟ್ಟಿಲಿಂದ ಉರುಳಿಬಿದ್ದರೂ ಅದಕ್ಕೆ ಏನೂ ಆಗಲಿಲ್ಲ. ಬೆಲೆಯೂ ಹಗುರ. ಸದ್ದಿನ ಚಿಂತೆ ಬಿಡು. ಒಂದು ಚೂರೂ ಇಲ್ಲ. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಅಳಿಯಂದಿರ ತಲೆದಿಂಬಿನ ಪಕ್ಕ ಓಡಿಸಿದರೂ ಅವರು ಮಗ್ಗುಲು ಬದಲಿಸುವುದಿಲ್ಲ.

ನನಗೆ ಇಲ್ಲಿ ಕೈತುಂಬ ಕೆಲಸ. ಲಿನನ್ ಕೋಣೆಗೆ ಒಬ್ಬಾಕೆ ಬಂದಿದ್ದಾಳೆ, ಹಾಸಿಗೆ ಬಟ್ಟೆ ಮಡಚುವುದು ಬಿಟ್ಟು ಸದಾ ನನ್ನ ಹಿಂದೆಯೇ. ಬಾಲ ಎಂದೇ ಹೆಸರಿಟ್ಟಿದ್ದೇನೆ. ಎಷ್ಟು ಗದರಿದರೂ ಹೋಗುವುದಿಲ್ಲ. ಕೆಲಸಗಳ್ಳಿ.

ಚಿಕ್ಕಮ್ಮ


ಮಾರ್ಚ್ 29

ಚಿಕ್ಕಮ್ಮ,

ಕೆಂಪು ಮೆಷಿನ್ ಮನೆಗೆ ಬಂತು. ಅಂಗಡಿಯಲ್ಲಿ ಪ್ಲಗ್ ಹಾಕಿ ತೋರಿಸುವ ಪದ್ಧತಿ ಇಲ್ಲವಂತೆ, ಸೀಲು ಒಡೆಯದ ಪೆಟ್ಟಿಗೆಯನ್ನೇ ಕೊಟ್ಟರು. ನೀನು ಹೇಳಿದ್ದೀಯಲ್ಲ ಎಂದು ನಾನೂ ಹಟ ಮಾಡಲಿಲ್ಲ.

ಎಳೆಯುವುದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಮೊದಲ ದಿನವೇ ಡಬ್ಬಿ ತುಂಬ ನಾಯಿಕೂದಲು ಬಂತು, ಇನ್ನೊಂದು ನಾಯಿ ಮಾಡಬಹುದಿತ್ತು. ಕಾರ್ಪೆಟ್ಟು ಬೂದು ಅಂದುಕೊಂಡಿದ್ದೆವು, ಹಸಿರಂತೆ! ಪೈಪು ಗಟ್ಟಿ, ಬ್ರಷ್ ಸಲೀಸಾಗಿ ಬಿಚ್ಚುತ್ತದೆ. ಇವರ ಸೀನು ಅರ್ಧಕ್ಕರ್ಧ ಇಳಿದಿದೆ.

ಸದ್ದು ನೀನು ಹೇಳಿದ ಹಾಗೇ ಇದೆ, ಏನೂ ತೊಂದರೆಯಿಲ್ಲ.

ಕೆಳಗಿನ ಮನೆಯಾಕೆ ಮೇಲೆ ಬಂದು ಮೆಷಿನ್ ನೋಡಿಕೊಂಡು ಹೋದರು. ಇವರು ಈಗ ಬೆಳಗಿನ ಹೊತ್ತು ಪ್ರೆಸ್ಸಿನ ಗೆಳೆಯರ ಕೋಣೆಯಲ್ಲೇ ಮಲಗಿ ಬರುತ್ತಾರೆ. ಅಲ್ಲಿ ಗಾಳಿ ಚೆನ್ನಾಗಿದೆಯಂತೆ.

ನಿನ್ನ ಆರೋಗ್ಯ ಹೇಗಿದೆ? ಸುಮ್ಮನೆ ಕೇಳಿದೆ. ಆಗಾಗ ಡಾಕ್ಟರ ಹತ್ತಿರ ಹೋಗಿ ಎಲ್ಲ ತೋರಿಸಿಕೊಳ್ಳುವುದು ಒಳ್ಳೆಯದು. ಕಣ್ಣು, ಕಿವಿ, ರಕ್ತ ಎಲ್ಲ.

ನಿನ್ನ ಗುಬ್ಬಿ


ಏಪ್ರಿಲ್ 7

ಗುಬ್ಬಿ,

ನಾನು ಹೇಳಿರಲಿಲ್ಲವೇ! ಹಸಿರು ಕಾರ್ಪೆಟ್ಟಿನ ಸುದ್ದಿ ಓದಿ ಒಬ್ಬಳೇ ಕೂತು ನಕ್ಕೆ. ಕೆಳಗಿನ ಮನೆಯಾಕೆಗೆ ಹೊಟ್ಟೆಕಿಚ್ಚು, ಬೇರೇನಿಲ್ಲ. ಇನ್ನೊಂದು ತಿಂಗಳಲ್ಲಿ ಅವರ ಮನೆಗೂ ಕೆಂಪು ಮೆಷಿನ್ ಬರದಿದ್ದರೆ ಹೇಳು.

ಅಳಿಯಂದಿರು ಹೊರಗೆ ಮಲಗುವುದು ಮಾತ್ರ ನನಗೆ ಹಿಡಿಸಲಿಲ್ಲ. ಜಗಳ ಆಗಿದೆಯಾ? ಗಾಳಿ ಗೀಳಿ ಎಂದು ಬರೆದು ನನ್ನ ಕಣ್ಣಿಗೆ ಮಣ್ಣೆರಚಬೇಡ. ತಪ್ಪು ನಿನ್ನದಾದರೆ ಮೊದಲು ನೀನೇ ಮಾತಾಡಿಸು. ಅವರದಾದರೂ ನೀನೇ ಮಾತಾಡಿಸು, ಅವರು ಒಳ್ಳೆಯವರು. ನನ್ನ ಕಣ್ಣು, ಕಿವಿ, ರಕ್ತ ಎಲ್ಲ ಗಟ್ಟಿಯಾಗಿವೆ. ಔಷಧಿ ಅಂಗಡಿಯಲ್ಲಿ ಕೂತು ಕೂತು ನಿನಗೆ ಎಲ್ಲರೂ ರೋಗಿಗಳಂತೆ ಕಾಣುತ್ತಿದ್ದಾರೆ.

ಒಂದು ಒಳ್ಳೆ ಸುದ್ದಿ. ಲಾಡ್ಜಿನ ಮಾಲೀಕರು ಎಲ್ಲ ಮಹಡಿಗಳ ಹಳೇ ಮೆಷಿನ್‌ಗಳನ್ನು ಒಟ್ಟಿಗೆ ಬದಲಾಯಿಸುತ್ತಿದ್ದಾರೆ. ಯಾವುದು ಅಂತ ನನ್ನನ್ನೇ ಕೇಳಿದರು. ನಾನು ಕೆಂಪು ಮೆಷಿನ್ ಅಂದೆ. ಅವರು ಸ್ವಲ್ಪ ರಾಗ ಎಳೆದರು. ನಮ್ಮಲ್ಲಿ ಇಳಿಯುವವರೆಲ್ಲ ರಾತ್ರಿ ಬಸ್ಸಿನಲ್ಲಿ ಬಂದು ಹಗಲು ಮಲಗುವವರು, ಸದ್ದಾದರೆ ಕೋಣೆ ಖಾಲಿ ಮಾಡಿ ಎದುರು ಲಾಡ್ಜಿಗೆ ಹೋಗುತ್ತಾರೆ, ಗೊತ್ತಲ್ಲ. ನಾನು ನಿನ್ನ ಕಾಗದವನ್ನೇ ತೆಗೆದು ಮೇಜಿನ ಮೇಲಿಟ್ಟೆ. ‘ನನ್ನ ಮಗಳ ಮನೆಯಲ್ಲೂ ಇದೇ ಇದೆ. ಗಂಡ ಹಗಲು ಮಲಗೋರು. ಓದಿ ನೋಡಿ’ ಅಂದೆ. ಓದಿದರು. ತಿಂಗಳ ಕೊನೆಯಲ್ಲಿ ಆರ್ಡರ್ ಹೋಗುತ್ತದೆ.

ನಿನಗೆ ಹೇಳಿರಲಿಲ್ಲ, ಹೋದ ತಿಂಗಳಿಂದ ಅವರು ‘ನಿಮಗೂ ವಯಸ್ಸಾಯ್ತು, ಮಹಡಿಗೆ ಯಾರಾದರೂ ಚಿಕ್ಕವರನ್ನ ಹಾಕೋಣ್ವಾ’ ಎಂದು ಸುತ್ತಿ ಬಳಸಿ ಮಾತಾಡುತ್ತಿದ್ದರು. ಈ ಕೆಲಸ ಹೋದರೆ ನಾನು ಬೆಳಿಗ್ಗೆ ಎದ್ದು ಏನು ಮಾಡಲಿ? ಈ ಖರೀದಿ ಒಂದು ಸರಿಹೋಗಲಿ, ಆ ಮಾತು ಮತ್ತೆ ಎತ್ತುವುದಿಲ್ಲ.

ಚಿಕ್ಕಮ್ಮ


ಏಪ್ರಿಲ್ 13

ಚಿಕ್ಕಮ್ಮ,

ಇದನ್ನು ಪೂರ್ತಿ ಓದು. ಓದಿದ ತಕ್ಷಣ ಹೋಗಿ ಆರ್ಡರ್ ನಿಲ್ಲಿಸು.

ಹೋದ ಕಾಗದದಲ್ಲಿ ಸದ್ದಿನ ಬಗ್ಗೆ ನಾನು ಬರೆದದ್ದು ಸುಳ್ಳು. ಆ ಮೆಷಿನ್ ಅರಚುತ್ತದೆ. ಮೊದಲ ದಿನ ಸ್ವಿಚ್ ಒತ್ತಿದಾಗ ನಾನೇ ಬೆಚ್ಚಿ ಪೈಪು ಕೈಬಿಟ್ಟೆ. ಇವರು ನಿದ್ದೆಗಣ್ಣಲ್ಲಿ ಹಾಸಿಗೆಯಿಂದ ಜಿಗಿದು ‘ನಿಲ್ಲಿಸ್ರೋ, ಪೇಪರ್ ಹರೀತು!’ ಎಂದು ಕೂಗಿಕೊಂಡು ಬಾಗಿಲವರೆಗೆ ಓಡಿದರು. ಪ್ರೆಸ್ಸಿನಲ್ಲಿದ್ದೇನೆ ಅಂದುಕೊಂಡರಂತೆ. ಕೆಳಗಿನ ಮನೆಯಾಕೆ ಬಂದದ್ದು ‘ಏನಮ್ಮ, ಗೋಡೆ ಕೊರೀತಿದೀರಾ?’ ಎಂದು ಕೇಳಲು. ನಮ್ಮಿಬ್ಬರಿಗೆ ಜಗಳವಿಲ್ಲ. ನಾನು ಗುಡಿಸುವ ದಿನ ಇವರಿಗೆ ಮಲಗಲು ಬೇರೆ ಜಾಗ ಬೇಕು, ಅಷ್ಟೇ.

ನನಗೆ ಸಿಕ್ಕಿದ್ದೇ ಕೆಟ್ಟ ಪೀಸ್ ಇರಬಹುದು ಎಂದು ಅಂಗಡಿಗೆ ಹೋಗಿ ಜಗಳ ತೆಗೆದೆ. ಅವರು ಇನ್ನೊಂದರ ಪೆಟ್ಟಿಗೆ ಒಡೆದು ಹಚ್ಚಿ ತೋರಿಸಿದರು. ಅದೂ ಹಾಗೇ. ‘ಗಟ್ಟಿ ಮಾಲು ಮೇಡಂ, ಆದ್ರೆ ಇದರಷ್ಟು ಗಲಾಟೆದು ಇನ್ನೊಂದಿಲ್ಲ, ಎಲ್ಲರಿಗೂ ಗೊತ್ತು’ ಅಂದರು.

ಎಲ್ಲರಿಗೂ ಗೊತ್ತಿರುವುದು ನಿನಗೆ ಹೇಗೆ ಗೊತ್ತಿಲ್ಲ ಎಂದು ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಆಮೇಲೆ ಒಂದೊಂದೇ ನೆನಪಾಯಿತು. ನಾನು ನಿನ್ನಲ್ಲಿಗೆ ಬಂದಾಗ ಒಲೆಯ ಮೇಲೆ ಕೆಟಲ್ ಕೂಗಿ ಕೂಗಿ ನೀರೆಲ್ಲ ಬತ್ತಿತು, ನೀನು ಪಕ್ಕದಲ್ಲೇ ಬಟ್ಟೆ ಮಡಚುತ್ತಿದ್ದೆ. ಬಾಗಿಲು ತಟ್ಟಿದರೆ ಎದ್ದು ಹೋಗುತ್ತಿದ್ದವಳು ನಾನು. ಮಾತಾಡುವಾಗ ನೀನು ನನ್ನ ಬಾಯನ್ನೇ ನೋಡುತ್ತೀಯ. ಫೋನಿನಲ್ಲಿ ಬಾಯಿ ಕಾಣುವುದಿಲ್ಲ. ಚಿಕ್ಕಮ್ಮ, ಲೈನ್ ಸರಿಯಾಗಿಯೇ ಇದೆ. ನೀನು ಸುಳ್ಳು ಹೇಳಿದವಳಲ್ಲ. ನಿನಗೆ ಆ ಸದ್ದು ಕೇಳಿಸಿಲ್ಲ, ಇನ್ನೂ ಎಷ್ಟೋ ಕೇಳಿಸುತ್ತಿಲ್ಲ.

ನಿನ್ನ ಮನಸ್ಸಿಗೆ ನೋವಾಗುತ್ತದೆ ಎಂದು ಮುಚ್ಚಿಟ್ಟೆ. ಇವರು ಆಗಲೇ ಹೇಳಿದ್ದರು, ‘ಇದು ಮುಚ್ಚಿಡೋ ವಿಷಯ ಅಲ್ಲ, ಬರೆದುಬಿಡು’ ಎಂದು. ನಾನು ಬರೆಯಲಿಲ್ಲ. ಈಗ ನನ್ನ ಆ ಕಾಗದದಿಂದಲೇ ನಿನ್ನ ಕೆಲಸ ಹೋಗುತ್ತದೆಯೇನೋ ಎಂದು ಹೆದರಿದ್ದೇನೆ. ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೋ. ಆರ್ಡರ್ ಮಾತ್ರ ಹೋಗಬಾರದು.

ಗುಬ್ಬಿ


ಏಪ್ರಿಲ್ 24

ಚಿಕ್ಕಮ್ಮ,

ನನ್ನ ಕಾಗದ ತಲುಪಿತೇ? ಆರ್ಡರ್ ಏನಾಯಿತು? ಲಾಡ್ಜಿಗೆ ಫೋನ್ ಮಾಡೋಣ ಎಂದು ಫೋನ್ ಎತ್ತಿಕೊಂಡೆ. ನಿನ್ನ ಬೆನ್ನ ಹಿಂದೆ ಮಾಲೀಕರಿಗೆ ನಿನ್ನ ಕಿವಿಯ ಸುದ್ದಿ ಹೇಳಿದ ಹಾಗಾಗುತ್ತದೆ ಎಂದು ಇಟ್ಟುಬಿಟ್ಟೆ. ಒಂದು ಸಾಲು ಬರೆ. ಬೈದಾದರೂ ಬರೆ.

ಗುಬ್ಬಿ


ಮೇ 9

ಗುಬ್ಬಿ,

ಕೋಪ ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿನ್ನ ಕಾಗದ ಓದಿ ಮಡಚಿ, ಸೋಪಿನ ಡಬ್ಬಗಳ ಹಿಂದೆ ತಳ್ಳಿದೆ. ಎರಡನೆಯದನ್ನು ಒಡೆಯಲೇ ಇಲ್ಲ. ನಾಲ್ಕು ಕಾಸಿನ ಮೆಷಿನ್ ಸರಿಯಾಗಿ ಓಡಿಸಲು ಬಾರದೆ ನನ್ನನ್ನು ಕಿವುಡಿ ಮಾಡಿದಳು ಎಂದು ಮನಸ್ಸಿನಲ್ಲೇ ನಿನಗೆ ಬೇಕಾದಷ್ಟು ಬೈದೆ. ಆಮೇಲೆ, ನಿನ್ನ ಮಾತು ಸುಳ್ಳು ಎಂದು ತೋರಿಸಿಯೇ ಬಿಡೋಣ ಅನ್ನಿಸಿತು.

ಊಟದ ಹಾಲಿನ ಕೆಂಪು ಮೆಷಿನನ್ನು ಮೇಲಿನ ಮಹಡಿಗೆ ತರಿಸಿದೆ. ಕಾರಿಡಾರಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಬಾಲಳಿಗೆ ಹೇಳಿದೆ, ‘ನಿನ್ನ ಮನಸ್ಸಿಗೆ ಬಂದಾಗ ಹಚ್ಚು, ಮನಸ್ಸಿಗೆ ಬಂದಾಗ ಆರಿಸು. ನಾನು ಇಲ್ಲಿಂದಲೇ ಹೇಳ್ತೀನಿ.’ ಹೇಳುತ್ತಾ ಹೋದೆ. ಈಗ ಹಚ್ಚಿದೆ, ಈಗ ಆರಿಸಿದೆ, ಈಗ ಮತ್ತೆ ಹಚ್ಚಿದೆ. ಕೊನೆಗೆ ‘ಈಗ ಆರಿದೆ, ಸಾಕು’ ಎಂದು ಗೆದ್ದವಳ ಹಾಗೆ ತಿರುಗಿದೆ. ಕಾರಿಡಾರಿನ ಬಾಗಿಲುಗಳೆಲ್ಲ ತೆರೆದಿದ್ದವು. ನಿದ್ದೆ ಕೆಟ್ಟ ಜನ ಪಂಚೆ, ಟವೆಲ್, ಬನಿಯನ್ನಿನಲ್ಲಿ ಹೊರಗೆ ನಿಂತು ನನ್ನ ಕಡೆ ಕೈ ಮಾಡಿ ಬೈಯುತ್ತಿದ್ದರು. ಮೆಷಿನ್ ಓಡುತ್ತಲೇ ಇತ್ತು. ಬಾಲ ಅದನ್ನು ಒಮ್ಮೆಯೂ ಆರಿಸಿರಲಿಲ್ಲವಂತೆ. ಮೊದಲ ಉತ್ತರ ತಪ್ಪಾದಾಗಲೇ ಅವಳು ಆರಿಸುವುದನ್ನೇ ಮರೆತು ನನ್ನನ್ನೇ ನೋಡುತ್ತಾ ನಿಂತಳಂತೆ.

ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ‘ನಿನಗೆ ಮೊದಲೇ ಗೊತ್ತಿತ್ತಾ?’ ಎಂದು ಕೇಳಿದೆ. ‘ಗೊತ್ತಿತ್ತಕ್ಕಾ. ಬೆಲ್ ಆದ್ರೆ, ಯಾರಾದ್ರೂ ಕರೆದ್ರೆ ನಿಮಗೆ ಹೇಳೋಕೆ ಇರ್ಲಿ ಅಂತ ಹಿಂದೇನೆ ಇರ್ತಿದ್ದೆ’ ಅಂದಳು. ನಾನು ಅವಳನ್ನು ಕೆಲಸಗಳ್ಳಿ ಎಂದು ನಾಲ್ಕು ಜನರ ಮುಂದೆ ಎಷ್ಟು ಸಲ ಅಂದಿದ್ದೇನೋ. ಅವಳು ಒಂದು ದಿನವೂ ಎದುರಾಡಿಲ್ಲ. ನನಗೆ ಅಲ್ಲೇ ನೆಲಕ್ಕೆ ಇಳಿದುಹೋದ ಹಾಗಾಯಿತು.

ಮಾಲೀಕರು ಕರೆಯುವ ಮೊದಲೇ ನಾನೇ ಹೋದೆ. ‘ಆರ್ಡರ್ ನಿಲ್ಲಿಸಿ. ಆ ಮೆಷಿನ್ ಗಲಾಟೆ ಮಾಡುತ್ತೆ, ನನಗೆ ಕೇಳಿಸಲ್ಲ’ ಅಂದೆ. ಅದನ್ನು ನನ್ನ ಬಾಯಿಂದ ಹೇಳುವುದು ಎಷ್ಟು ಕಷ್ಟವಾಯಿತು ಎಂದು ನಿನಗೆ ಬರೆಯಲಾರೆ. ಅವರು ಕೂಗಾಡಲಿಲ್ಲ. ಕುರ್ಚಿ ಕೊಟ್ಟರು. ಅವರಿಗೂ ಗೊತ್ತಿತ್ತಂತೆ. ಲೆಕ್ಕ ಬರೆಯುವವರಿಗೂ, ಕಾವಲಿನವನಿಗೂ, ಹಾಲು ಹಾಕುವವಳಿಗೂ. ವಯಸ್ಸಿನ ಮಾತು ಎತ್ತುತ್ತಿದ್ದದ್ದು ಅದಕ್ಕೇ. ಯಾರಿಗೂ ನನ್ನ ಮುಂದೆ ಹೇಳುವ ಧೈರ್ಯವಿಲ್ಲ, ನಾನು ಹೇಳಿದ್ದಕ್ಕೆಲ್ಲ ತಲೆ ಆಡಿಸಿದ್ದಾರೆ. ಲಾಡ್ಜಿಗೆ ಲಾಡ್ಜೇ ತಲೆ ಆಡಿಸಿದೆ.

ಬೆಂಕಿಯ ಗಂಟೆ ಹೊಡೆದರೆ ಕೇಳಿಸದವಳನ್ನು ಮಹಡಿಯ ಮೇಲೆ ಇಡಲಾಗುವುದಿಲ್ಲ ಅಂದರು. ಸರಿಯಾದ ಮಾತೇ. ಜೂನ್‌ನಿಂದ ಮಹಡಿಗಳು ಬಾಲಳ ಕೈಗೆ. ನಾನು ಕೆಳಗೆ ಲಿನನ್ ಕೋಣೆಗೆ. ಸಂಬಳ ಸ್ವಲ್ಪ ಇಳಿಯುತ್ತದೆ. ಕೀಗೊಂಚಲನ್ನು ಈಗಲೇ ಅವಳಿಗೆ ಕೊಟ್ಟುಬಿಟ್ಟೆ, ಆ ದಿನ ಊಟ ಸೇರಲಿಲ್ಲ. ಕಿವಿಯ ಡಾಕ್ಟರು, ಹೋದದ್ದು ಹೋಯಿತು, ಉಳಿದಿರುವುದಕ್ಕೆ ಮೆಷಿನ್ ಹಾಕಿಸಿಕೊಳ್ಳಿ ಎಂದಿದ್ದಾರೆ.

ನೀನು ಆಮೇಲೆ ಬರೆದ ನಿಜಕ್ಕೆ ನನಗೆ ಕೋಪವಿಲ್ಲ. ಮೊದಲು ಬರೆದ ಸುಳ್ಳಿಗೆ ಇದೆ.

ಚಿಕ್ಕಮ್ಮ


ಮೇ 17

ಚಿಕ್ಕಮ್ಮ,

ನಿನ್ನ ಅಕ್ಷರ ಕಂಡ ಮೇಲೆ ನನಗೆ ಜೀವ ಬಂತು. ಔಷಧಿ ಅಂಗಡಿಯಲ್ಲಿ ಕೌಂಟರಿನ ಕೆಳಗೆ ಕೂತು ಓದಿ ಅತ್ತೆ. ಗಿರಾಕಿಗಳು ಕೆಮ್ಮುತ್ತಾ ನಿಂತಿದ್ದರು, ನಿಲ್ಲಲಿ ಅಂದುಕೊಂಡೆ. ತಪ್ಪಾಯಿತು.

ಕೆಂಪು ಮೆಷಿನನ್ನು ಇವರ ಪ್ರೆಸ್ಸಿನವರು ಕೊಂಡರು. ಅಲ್ಲಿ ಅದರ ಸದ್ದು ಯಾರ ಗಮನಕ್ಕೂ ಬರುವುದಿಲ್ಲ. ಪೇಪರ್ ಚೂರುಗಳನ್ನೆಲ್ಲ ಬಾಚಿ ನುಂಗುತ್ತದಂತೆ, ಎಲ್ಲರೂ ನಿನ್ನನ್ನು ಹೊಗಳುತ್ತಾರಂತೆ. ನಾನು ಮತ್ತೆ ಪೊರಕೆ ಹಿಡಿದಿದ್ದೇನೆ, ಇವರು ಮತ್ತೆ ಸೀನುತ್ತಿದ್ದಾರೆ.

ಇವರೂ ನಾನೂ ಮಾತಾಡಿಕೊಂಡೆವು. ಆ ಕೋಣೆಯಲ್ಲಿ ಬಟ್ಟೆ ಮಡಚಿಕೊಂಡು ನೀನು ಯಾಕೆ ಇರಬೇಕು? ಇಲ್ಲಿಗೆ ಬಂದುಬಿಡು. ‘ಚಿಕ್ಕಮ್ಮನಿಗೆ ಕಿಟಕಿ ಪಕ್ಕದ ಕೋಣೆ ಕೊಡೋಣ’ ಎಂದು ಇವರೇ ಮೊದಲು ಹೇಳಿದ್ದು. ನಾನು ನೋಡಿಕೊಳ್ಳುತ್ತೇನೆ.

ಗುಬ್ಬಿ


ಜೂನ್ 11

ಗುಬ್ಬಿ,

ಕಿವಿಗೆ ಮೆಷಿನ್ ಬಂದು ಒಂದು ವಾರವಾಯಿತು. ಯಾಕಾದರೂ ಹಾಕಿಸಿಕೊಂಡೆನೋ ಅನ್ನಿಸಿದೆ. ಚಮಚ ಬಟ್ಟಲಿಗೆ ತಾಗಿದರೆ ತಲೆಗೆ ಹೊಡೆದ ಹಾಗಾಗುತ್ತದೆ. ಲಿನನ್ ಕೋಣೆಯ ಹೆಂಗಸರಿಗೆ ನನ್ನ ಹತ್ತಿರ ಕೂಗಿ ಕೂಗಿ ಅಭ್ಯಾಸ, ಈಗಲೂ ಕೂಗುತ್ತಾರೆ. ‘ಮೆಲ್ಲಗೆ ಮಾತಾಡ್ರೇ’ ಅಂದರೆ ಮುಖ ಮುಖ ನೋಡಿಕೊಂಡು ನಗುತ್ತಾರೆ. ನಾನೂ ನಗುತ್ತೇನೆ.

ಕಿಟಕಿ ಪಕ್ಕದ ಕೋಣೆ ಸದ್ಯಕ್ಕೆ ಹಾಗೇ ಇರಲಿ. ಕರೆದಿರಲ್ಲ, ಅದೇ ದೊಡ್ಡದು, ಅಳಿಯಂದಿರಿಗೆ ಹೇಳು. ಇಲ್ಲಿ ನನಗೆ ಕೆಲಸವಿದೆ. ಬಾಲ ಮಹಡಿಗಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾಳೆ, ಆದರೆ ಫಿಲ್ಟರ್ ಒಣಗುವ ಮುಂಚೆಯೇ ಹಾಕಲು ಹೋಗುತ್ತಾಳೆ. ದಿನಕ್ಕೊಮ್ಮೆಯಾದರೂ ನಾನು ಗದರಬೇಕು. ಇಲ್ಲದಿದ್ದರೆ ಅವಳಿಗೇ ಬೇಸರ.

ಲಾಡ್ಜಿಗೆ ಮೆಷಿನ್ ಆರಿಸಲು ಮಾಲೀಕರು ನಮ್ಮಿಬ್ಬರನ್ನೂ ಕಳಿಸಿದ್ದರು. ಅಂಗಡಿಯವನಿಗೆ ಹಟ ಹಿಡಿದು ಎಲ್ಲವನ್ನೂ ಪ್ಲಗ್ ಹಾಕಿಸಿ ಹಚ್ಚಿಸಿದೆ. ಎಳೆತ ನೋಡಲು ನನ್ನ ಅಂಗೈ, ಸದ್ದು ನೋಡಲು ಅವಳ ಕಿವಿ. ನನಗೆ ಒಂದು ಬಹಳ ಹಿಡಿಸಿತ್ತು. ಅವಳು ‘ಇದು ಬೇಡಕ್ಕಾ, ಕಿರುಚುತ್ತೆ’ ಎಂದು ಅಂಗಡಿಯವನ ಮುಂದೆಯೇ ಹೇಳಿದಳು. ನನಗೆ ಸುರ್ರನೆ ಸಿಟ್ಟು ಬಂತು. ಆಮೇಲೆ ಅದನ್ನು ಪಕ್ಕಕ್ಕೆ ಇಡಿಸಿದೆ.

ನಾವು ಆರಿಸಿದ್ದನ್ನೇ ನೀನೂ ಕೊಳ್ಳಬಹುದು. ಬೂದು ಬಣ್ಣ, ಚಿಕ್ಕದು. ಡಬ್ಬಿ ಇದೆ, ಫಿಲ್ಟರು ತೊಳೆಯಬಹುದು, ಪೈಪು ಬಿಡಿಯಾಗಿ ಸಿಗುತ್ತದೆ. ಕೆಂಪಿನಷ್ಟು ಎಳೆಯುವುದಿಲ್ಲ, ಒಂದೇ ಜಾಗದಲ್ಲಿ ಎರಡು ಸಲ ಓಡಿಸಬೇಕು. ವೈರು ಗಿಡ್ಡ, ಅದಕ್ಕೆ ಬೈದುಕೊಳ್ಳುತ್ತೀಯ. ಬೆಲೆ ಕೆಂಪಿಗಿಂತ ಸ್ವಲ್ಪ ಹೆಚ್ಚು, ಆದರೆ ನೀನು ತಡೆದುಕೊಳ್ಳುವಷ್ಟು. ಸದ್ದು ಕಡಿಮೆ ಎಂದು ಬಾಲ ಹೇಳುತ್ತಾಳೆ. ನನ್ನ ಕಿವಿಗೆ ಈಗ ಎಲ್ಲವೂ ಜೋರು, ಹಾಗಾಗಿ ನನ್ನ ಸಾಕ್ಷಿ ಬೇಡ.

ಈ ಸಲ ಪ್ಲಗ್ ಹಾಕಿಸಿ ನೋಡದೆ ಕೊಳ್ಳಬೇಡ. ಕೊಂಡ ಮೇಲೆ ಹೇಗಿದೆಯೋ ಹಾಗೇ ಬರೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಬರೆ. ನನಗೆ ನೋವಾಗುತ್ತದೆ, ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡುತ್ತೇನೆ, ಆಮೇಲೆ ಸರಿಹೋಗುತ್ತೇನೆ. ಲಾಡ್ಜಿನವರು ತಲೆ ಆಡಿಸಿದರೆ ಆಡಿಸಲಿ, ಅವರು ಹೊರಗಿನವರು. ನೀನು ನಾನು ಬೆಳೆಸಿದ ಮಗಳು. ನೀನೂ ನನಗೆ ತಲೆ ಆಡಿಸಿಬಿಟ್ಟರೆ, ಗುಬ್ಬಿ, ನಾನು ಯಾರ ಮಾತನ್ನು ನಂಬಲಿ?

ಚಿಕ್ಕಮ್ಮ